ಡಬಲ್ಸ್ ಗೆದ್ದರೆ ಅದು ಗೆಲುವಲ್ವಾ? ಸಾನಿಯಾ ಮಿರ್ಜಾ ಬಗ್ಗೆ ಮನೆಯಲ್ಲಿ ಶುರುವಾದ ಜಗಳ

ಕಾಳಿ ದಂಡೆ, ಕಾರವಾರ (ಸೋಮವಾರ ರಾತ್ರಿ 9.10)

ಮನೆ ಜಗಳವನ್ನು ಇಲ್ಲಿಗೆ ತಂದಿದ್ದೇನೆ, ಬೇಜಾರು ಮಾಡ್ಕೋಬೇಡಿ. ಮಗಳು ಆರನೇ ಕ್ಲಾಸು. ಆಗಸ್ಟ್ 29ರ ಕ್ರೀಡಾ ದಿನಕ್ಕೆ ಶಾಲೆಯಲ್ಲಿ ಯಾರಾದರೂ ಆಟಗಾರ್ತಿಯ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ಅವಳು ಸಾನಿಯಾ ಮಿರ್ಜಾ ಅಂತ ಹೆಸರು ಕೊಟ್ಟು ಬಂದಿದ್ದಾಳೆ. ಎರಡು ವರ್ಷದಿಂದ ಅವಳೂ ರಾಕೆಟ್ ಹಿಡಿದಿದ್ದಾಳೆ. ನಮ್ಮೂರಲ್ಲಿ ವರ್ಷ ಅಂದರೆ ಎಂಟು ತಿಂಗಳು, ಉಳಿದ ನಾಲ್ಕು ತಿಂಗಳು ಕೋರ್ಟಿನಲ್ಲಿ ಕಪ್ಪೆ ಆಡುತ್ತವೆ.

ನಿನ್ನೆ ಶಿರಸಿಯಿಂದ ಭಾವ ಬಂದಿದ್ದರು, ನನ್ನ ಹೆಂಡತಿಯ ಅಣ್ಣ. ಊಟಕ್ಕೆ ಕೂತಾಗ ವಿಷಯ ಬಂತು. "ಸಾನಿಯಾನಾ? ಸಿಂಗಲ್ಸ್‌ನಲ್ಲಿ ಎಂತ ಗೆದ್ದಿದ್ದಾಳೆ? ಡಬಲ್ಸ್ ಅಂದರೆ ಪಕ್ಕದವರು ಆಡುವುದು, ಇವರು ಫೋಟೋಕ್ಕೆ ನಿಲ್ಲುವುದು. ಪಿ.ಟಿ. ಉಷಾ ಬಗ್ಗೆ ಹೇಳು ಕೂಸೇ" ಅಂದರು. ಮಗಳು ಮಜ್ಜಿಗೆ ಅನ್ನ ಅರ್ಧಕ್ಕೆ ಬಿಟ್ಟು ಎದ್ದು ಹೋದಳು. ಹೆಂಡತಿ ಈಗ ನನ್ನ ಮೇಲೂ ಸಿಟ್ಟು, ನಾನು ಸುಮ್ನೆ ಕೂತಿದ್ದೆ ಅಂತ.

ನಿಜ ಹೇಳಬೇಕು ಅಂದರೆ ನನಗೂ ಉತ್ತರ ಗೊತ್ತಿರಲಿಲ್ಲ. ಟೆನಿಸ್ ತಿಳಿದವರು ಹೇಳಿ. ಡಬಲ್ಸ್ ಅಷ್ಟು ಅಗ್ಗವಾ? ಭಾವನ ಬಾಯಿ ಮುಚ್ಚಿಸುವ ನಾಲ್ಕು ಮಾತು ಬೇಕು.

ಮಿಡಿ ಉಪ್ಪಿನಕಾಯಿ, ಸಿದ್ದಾಪುರ

ಭಾವನ ಬಾಯಿ ಮುಚ್ಚಿಸಲು ಟೆನಿಸ್ ಯಾಕೆ, ಎರಡು ಹಲಸಿನಕಾಯಿ ಹಪ್ಪಳ ಸಾಕು.

ಬ್ಯಾಕ್‌ಹ್ಯಾಂಡ್ ಭಟ್ಟ, ಕುಮಟಾ

ಸಿಂಗಲ್ಸ್‌ನಲ್ಲಿ ಎಂತ ಗೆದ್ದಿದ್ದಾಳೆ ಅಂತ ಕೇಳಿದರಲ್ಲ, ಅಲ್ಲಿಂದಲೇ ಹಿಡಿಯೋಣ.

2005ರ ಒಂದೇ ವರ್ಷ ತೆಗೆದುಕೊಳ್ಳಿ. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್, ವೈಲ್ಡ್ ಕಾರ್ಡ್‌ನಲ್ಲಿ, ಅಂದರೆ ಸಂಘಟಕರ ವಿಶೇಷ ಆಹ್ವಾನದಲ್ಲಿ, ಒಳಗೆ ಹೋದಳು. ಮೂರನೇ ಸುತ್ತಿನವರೆಗೆ ಬಂದು ಸೆರೆನಾ ವಿಲಿಯಮ್ಸ್ ಕೈಗೆ ಸಿಕ್ಕಿದಳು. ಮೊದಲ ಸೆಟ್ 1-6. ಎರಡನೆಯದು 4-6. ಎದುರಿಗಿದ್ದದ್ದು ಸೆರೆನಾ, ಇವಳಿಗೆ 18 ವರ್ಷ. ಆ ನಾಲ್ಕು ಗೇಮಿಗೇ ಮರುದಿನ ಪೇಪರ್ ತುಂಬ ಅವಳೇ.

ಫೆಬ್ರುವರಿಯಲ್ಲಿ ಹೈದರಾಬಾದ್. ಫೈನಲ್‌ನಲ್ಲಿ ಉಕ್ರೇನಿನ ಅಲೋನಾ ಬೊಂಡರೆಂಕೊಳನ್ನು ಸೋಲಿಸಿ ಡಬ್ಲ್ಯೂಟಿಎ (ಮಹಿಳಾ ಟೆನಿಸ್ ಸಂಘ) ಸಿಂಗಲ್ಸ್ ಪ್ರಶಸ್ತಿ. ಅದಕ್ಕೆ ಮೊದಲು ಭಾರತದ ಯಾವ ಹೆಣ್ಣುಮಗಳೂ ಅದನ್ನು ಗೆದ್ದಿರಲಿಲ್ಲ. ಮಾರ್ಚ್‌ನಲ್ಲಿ ದುಬೈ, ಆಗಿನ ಯುಎಸ್ ಓಪನ್ ಚಾಂಪಿಯನ್ ಕುಜ್ನೆತ್ಸೋವಾಳನ್ನು ನೇರ ಸೆಟ್‌ಗಳಲ್ಲಿ ಹೊಡೆದು ಕಳಿಸಿದಳು. ಯುಎಸ್ ಓಪನ್‌ನಲ್ಲಿ ನಾಲ್ಕನೇ ಸುತ್ತು. ಆ ವರ್ಷದ ಹೊಸಮುಖ ಅಂತ ಡಬ್ಲ್ಯೂಟಿಎ ಪ್ರಶಸ್ತಿಯೂ ಬಂತು.

ಆಮೇಲೆ 2007ರ ಆಗಸ್ಟ್‌ನಲ್ಲಿ ಸಿಂಗಲ್ಸ್‌ನಲ್ಲಿ ಜಗತ್ತಿಗೆ 27ನೆಯವಳು. ಭಾರತದ ಬೇರೆ ಯಾವ ಮಹಿಳೆಯೂ ಅಲ್ಲಿಗೆ ಹತ್ತಿಲ್ಲ. ಇದನ್ನು ಭಾವನಿಗೆ ಓದಿ ಹೇಳಿ.

ತೋಟದ ಸಾಲು, ಶಿರಸಿ

ನಾನೇ ಆ ಭಾವ. ತಂಗಿ ಲಿಂಕ್ ಕಳಿಸಿದಳು. ಹಪ್ಪಳದ ಮಾತು ಒಪ್ಪಿದೆ, ಉಳಿದದ್ದು ಒಪ್ಪಿಲ್ಲ.

27ನೇ ರ‍್ಯಾಂಕು ದೊಡ್ಡದೇ. ಆದರೆ ಇಡೀ ಊರು ಹೊತ್ತು ಮೆರೆಸಿದ್ದು ಅದಕ್ಕಾ? ಸಿಂಗಲ್ಸ್ ಪ್ರಶಸ್ತಿ ಒಂದೇ ಒಂದು. ಅದೂ ತನ್ನೂರಲ್ಲಿ. ಅಂಗಳದಲ್ಲಿ ಗೆದ್ದರೆ ನಮ್ಮ ನಾಯಿಯೂ ಹುಲಿ. ಮತ್ತೆ ಭಾವ, "ಫೋಟೋಕ್ಕೆ ನಿಲ್ಲುವುದು" ಅಂತ ನಾನು ಹೇಳಿದ್ದಲ್ಲ, ಅದು ನೀವು ಸೇರಿಸಿದ್ದು.

ಕಾಳಿ ದಂಡೆ, ಕಾರವಾರ

ನೀವೇ ಹೇಳಿದ್ದು ಭಾವ. ಸಾಕ್ಷಿಗೆ ನಿಮ್ಮ ತಂಗಿ ಇದ್ದಾಳೆ.

ಸಂಜೆ ಶೆಟಲ್, ಯಲ್ಲಾಪುರ

ನಿಮ್ಮ ಮಗಳಿಗೆ ಒಳ್ಳೆಯದಾಗಲಿ. ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದನ್ನು ಮರೆಯದೆ ಹೇಳಲಿ. ನಾವೆಲ್ಲ ಟಿವಿ ಮುಂದೆ ಕೂತು ನೋಡಿದ್ದೆವು.

ಬ್ಯಾಕ್‌ಹ್ಯಾಂಡ್ ಭಟ್ಟ, ಕುಮಟಾ

ಮಾರಾಯ್ರೆ, ಅದು ಸೈನಾ. ಸೈನಾ ನೆಹ್ವಾಲ್, ಬ್ಯಾಡ್ಮಿಂಟನ್. ಇದು ಸಾನಿಯಾ.

ಸಂಜೆ ಶೆಟಲ್, ಯಲ್ಲಾಪುರ

ಅಯ್ಯೋ. ಹೌದು. ಎರಡೂ ಹೈದರಾಬಾದ್ ಅಲ್ವಾ, ತಲೆ ಕಲಸಿಹೋಯಿತು.

ಮಿಡಿ ಉಪ್ಪಿನಕಾಯಿ, ಸಿದ್ದಾಪುರ

ನಮ್ಮಲ್ಲಿ ಒಂದು ಸನ್ಮಾನ ಕಾರ್ಯಕ್ರಮದ ಬ್ಯಾನರ್‌ನಲ್ಲಿ ಸೈನಾ ಹೆಸರು, ಸಾನಿಯಾ ಫೋಟೋ ಹಾಕಿದ್ದರು. ಮೂರು ದಿನ ಬಸ್‌ಸ್ಟ್ಯಾಂಡ್ ಎದುರು ನೇತಾಡಿತು. ಯಾರೂ ಕೇಳಲಿಲ್ಲ.

ಬಂಗಡೆ ಬುಟ್ಟಿ, ಅಂಕೋಲಾ

ನನಗೆ ಟೆನಿಸ್ ನಿಯಮ ಪೂರ್ತಿ ಬರುವುದಿಲ್ಲ. ಆದರೆ ಒಂದು ಮ್ಯಾಚ್ ಜೀವನದಲ್ಲಿ ಮರೆಯುವುದಿಲ್ಲ, ಅದನ್ನು ಹೇಳುತ್ತೇನೆ.

ನಮ್ಮದು ಬೋಟ್. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ಬಲೆ ರಿಪೇರಿ ಬಿಟ್ಟರೆ ಬೇರೆ ಕೆಲಸ ಇಲ್ಲ. ಅದಕ್ಕೇ ನಮ್ಮ ಕೇರಿಯಲ್ಲಿ ವಿಂಬಲ್ಡನ್ ನೋಡುವವರು ಜಾಸ್ತಿ. ಹಬ್ಬದ ಹಾಗೆ ಅದು ಸರಿಯಾಗಿ ನಮ್ಮ ರಜೆಗೇ ಬರುತ್ತದೆ.

2015ರ ಜುಲೈ 11, ಶನಿವಾರ. ಸಾನಿಯಾ, ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಒಂದು ಕಡೆ. ಎದುರಿಗೆ ರಷ್ಯಾದ ಇಬ್ಬರು, ಮಕರೋವಾ ಮತ್ತು ವೆಸ್ನಿನಾ. ಇಲ್ಲಿ ಮಧ್ಯರಾತ್ರಿ ದಾಟಿತ್ತು. ಹೊರಗೆ ಮಳೆ ಅಂದರೆ ಹೆಂಚು ಹಾರುವಂಥ ಮಳೆ. ಮೊದಲ ಸೆಟ್ ಹೋಯಿತು 5-7. ಎರಡನೆಯದು ಟೈಬ್ರೇಕ್‌ನಲ್ಲಿ ಬಂತು. ಮೂರನೆಯದರಲ್ಲಿ 2-5. ನನ್ನ ತಮ್ಮ ಚಾಪೆ ಮಡಚಿ ಎದ್ದ. ನಾನು ಕೂತೆ. 3-5, 4-5, 5-5. ಆಗ ಅಲ್ಲಿ ಕತ್ತಲಾಯಿತು ಅಂತ ಆಟ ನಿಲ್ಲಿಸಿ, ಮೇಲಿನ ಮಾಡು ಮುಚ್ಚಿ, ಲೈಟ್ ಹಾಕಿದರು.

ಅಲ್ಲಿ ಲೈಟ್ ಬಂದ ಹೊತ್ತಿಗೇ ಇಲ್ಲಿ ಕರೆಂಟ್ ಹೋಯಿತು.

ಮೊಬೈಲ್‌ನಲ್ಲಿ ನೆಟ್ ಇಲ್ಲ. ಗೋವಾದಲ್ಲಿರುವ ಅತ್ತಿಗೆಯ ತಮ್ಮನಿಗೆ ಫೋನ್ ಮಾಡಿ ಎಬ್ಬಿಸಿದೆ. ಅವನು ಬೈಯುತ್ತಲೇ ಟಿವಿ ಹಾಕಿದ, ಬೈಯುತ್ತಲೇ ಪಾಯಿಂಟ್ ಪಾಯಿಂಟ್ ಹೇಳಿದ. 7-5. ಗೆದ್ದರು. ಕತ್ತಲಲ್ಲಿ ಒಬ್ಬನೇ ಚಪ್ಪಾಳೆ ಹೊಡೆದೆ. ಮರುದಿನ ಬೆಳಿಗ್ಗೆ ತಮ್ಮನಿಗೆ ಹೇಳಿದರೆ ಅವನು ನಂಬಲೇ ಇಲ್ಲ.

ಚಿರೇಕಲ್ಲು, ಕಾರವಾರ

ಈ ಥ್ರೆಡ್‌ಗೆ ಬಂದದ್ದು ಸಾರ್ಥಕ ಆಯಿತು.

ತೋಟದ ಸಾಲು, ಶಿರಸಿ

ಬೋಟಣ್ಣ, ಕತೆ ಚೆನ್ನಾಗಿದೆ. ಆದರೆ ನನ್ನ ಮಾತು ಅಲ್ಲೇ ಇದೆ. ಪಕ್ಕದಲ್ಲಿ ಹಿಂಗಿಸ್ ಇದ್ದಳು. ಐದು ಸಿಂಗಲ್ಸ್ ಗ್ರ್ಯಾಂಡ್ ಸ್ಲಾಮ್ ಗೆದ್ದವಳು. ಅವಳ ಜೊತೆ ನನ್ನನ್ನು ನಿಲ್ಲಿಸಿದರೂ ಒಂದು ಕಪ್ ಬರುತ್ತಿತ್ತು.

ಹೊನ್ನಾವರ ಅಕ್ಕ

ನಿಮ್ಮನ್ನು ನಿಲ್ಲಿಸಿದರೆ ಎದುರಿನವರು ಎಲ್ಲಾ ಬಾಲನ್ನೂ ನಿಮಗೇ ಹೊಡೆಯುತ್ತಾರೆ ಭಾವಯ್ಯ. ಡಬಲ್ಸ್ ಅಂದರೆ ಅದೇ.

ಬ್ಯಾಕ್‌ಹ್ಯಾಂಡ್ ಭಟ್ಟ, ಕುಮಟಾ

ಅಕ್ಕ ಒಂದೇ ಸಾಲಿನಲ್ಲಿ ಹೇಳಿಬಿಟ್ಟರು. ಆದರೂ ನಾನು ಬಿಡಿಸಿ ಹೇಳುತ್ತೇನೆ, ಕೈ ಕಡಿಯುತ್ತಿದೆ.

ಡಬಲ್ಸ್‌ನಲ್ಲಿ ದುರ್ಬಲರನ್ನು ಬಚ್ಚಿಡಲು ಆಗುವುದಿಲ್ಲ. ಸರ್ವಿಸ್ ಸರದಿ ನಾಲ್ವರಿಗೂ ಬರುತ್ತದೆ. ಎದುರಿನವರ ಸರ್ವ್ ಅನ್ನು ನಿಮ್ಮ ಬದಿಗೆ ಬಂದಾಗ ನೀವೇ ತಿರುಗಿಸಬೇಕು, ಪಕ್ಕದವರು ಮುಟ್ಟುವ ಹಾಗಿಲ್ಲ. ಆ ರಿಟರ್ನ್ ಸ್ವಲ್ಪ ಎತ್ತರ ಬಂದರೂ ನೆಟ್ ಹತ್ತಿರ ನಿಂತವಳು ನಿಮ್ಮ ಕಾಲಿಗೆ ಹೊಡೆದು ಮುಗಿಸುತ್ತಾಳೆ. ಸಾನಿಯಾಳ ರಿಟರ್ನ್ ಮತ್ತು ಫೋರ್‌ಹ್ಯಾಂಡ್ ಅಲ್ಲೇ ಕೆಲಸ ಮಾಡಿದ್ದು. ಹಿಂದಿನಿಂದ ಇವಳು ಗುಂಡು ಹೊಡೆದ ಹಾಗೆ ಹೊಡೆಯುವುದು, ಎದುರಿನವರು ತಡಕಾಡುವುದು, ನೆಟ್ ಹತ್ತಿರ ಹಿಂಗಿಸ್ ಮೆಲ್ಲಗೆ ತಟ್ಟಿ ಮುಗಿಸುವುದು. ಹಿಂಗಿಸ್ ಬಳಿ ಆ ಹೊಡೆತದ ಬಲ ಇರಲಿಲ್ಲ, ಸಾನಿಯಾ ಬಳಿ ಆ ನೆಟ್ ಚಾಲಾಕಿ ಇರಲಿಲ್ಲ. ಭಾಗವತರು ಎಷ್ಟು ದೊಡ್ಡವರಾದರೂ ಮದ್ದಳೆ ಕೈಕೊಟ್ಟರೆ ಆಟ ಏಳುತ್ತದಾ? ಇಡೀ ರಾತ್ರಿ ಯಕ್ಷಗಾನ ನೋಡುವ ಶಿರಸಿಯವರಿಗೆ ನಾನು ಇದನ್ನು ಹೇಳಬೇಕಾ?

ಇನ್ನು ಹಿಂಗಿಸ್ ಮಾತ್ರ ಕಾರಣ ಅನ್ನುವುದಾದರೆ ಈ ಪಟ್ಟಿ ನೋಡಿ. 2009ರ ಆಸ್ಟ್ರೇಲಿಯನ್ ಓಪನ್ ಮಿಕ್ಸೆಡ್ (ಗಂಡು, ಹೆಣ್ಣು ಸೇರಿದ ಜೋಡಿ), ಜೊತೆಗೆ ಮಹೇಶ್ ಭೂಪತಿ. 2012ರ ಫ್ರೆಂಚ್ ಓಪನ್ ಮಿಕ್ಸೆಡ್, ಮತ್ತೆ ಭೂಪತಿ. 2014ರ ಯುಎಸ್ ಓಪನ್ ಮಿಕ್ಸೆಡ್, ಬ್ರೆಜಿಲ್‌ನ ಬ್ರೂನೊ ಸೋರೆಸ್, ಕೊನೆಯ ಟೈಬ್ರೇಕ್ 11-9. ಅದೇ ವರ್ಷದ ಕೊನೆಗೆ ಕಾರಾ ಬ್ಲ್ಯಾಕ್ ಜೊತೆ ಡಬ್ಲ್ಯೂಟಿಎ ಫೈನಲ್ಸ್. ಇದೆಲ್ಲ ಆದ ಮೇಲೆ, 2015ರ ಮಾರ್ಚ್‌ನಲ್ಲಿ ಹಿಂಗಿಸ್ ಬಂದದ್ದು. ಮಿಕ್ಸೆಡ್ ಬಿಟ್ಟು ಒಟ್ಟು 43 ಡಬಲ್ಸ್ ಪ್ರಶಸ್ತಿ. ಅದರಲ್ಲಿ ಹಿಂಗಿಸ್ ಜೊತೆಗಿನವು 14. ಉಳಿದ 29 ಯಾರು ಗೆದ್ದದ್ದು ಭಾವಯ್ಯ?

ಕಾಳಿ ದಂಡೆ, ಕಾರವಾರ

29! ಇದನ್ನು ಬರೆದು ಫ್ರಿಜ್ ಮೇಲೆ ಅಂಟಿಸುತ್ತೇನೆ.

ತೋಟದ ಸಾಲು, ಶಿರಸಿ

ಮದ್ದಳೆಯ ಹೋಲಿಕೆ ಒಪ್ಪಿದೆ. ಲೆಕ್ಕ ಆಮೇಲೆ ನೋಡುತ್ತೇನೆ, ಈಗ ಕೊಳೆ ಔಷಧಿ ಹೊಡೆಯುವವರು ಬಂದಿದ್ದಾರೆ.

ಮಿಡಿ ಉಪ್ಪಿನಕಾಯಿ, ಸಿದ್ದಾಪುರ

ನಿಮ್ಮಲ್ಲಿ ಮಳೆ ಬಿಟ್ಟಿದೆಯಾ? ಇಲ್ಲಿ ಮೂರನೇ ಸಲ ಹೊಡೆದದ್ದೂ ತೊಳೆದು ಹೋಯಿತು.

ತೋಟದ ಸಾಲು, ಶಿರಸಿ

ಬೆಳಿಗ್ಗೆಯಿಂದ ಎರಡು ತಾಸು ಬಿಟ್ಟಿತ್ತು. ಅಷ್ಟರಲ್ಲಿ ಅರ್ಧ ತೋಟ ಆಯಿತು. ಬೋರ್ಡೋ ದ್ರಾವಣಕ್ಕೆ ಸುಣ್ಣ ಸರಿಯಾಗಿ ಹಾಕಿದ್ದೀರಾ ನೋಡಿ.

ನಿರ್ವಾಹಕರು

ಅಡಿಕೆ ಕೊಳೆರೋಗಕ್ಕೆ ಬೇರೆ ಥ್ರೆಡ್ ಇದೆ. ದಯವಿಟ್ಟು.

ಗಟ್ ತಂತಿ, ಕಾರವಾರ

ನನಗೀಗ 71. ನಾನು ನೌಕರಿಗೆ ಸೇರಿದ ಕಾಲದಲ್ಲಿ ಕಾರವಾರದಲ್ಲಿ ಸಾಹೇಬರುಗಳು ಮಾತ್ರ ಟೆನಿಸ್ ಆಡುತ್ತಿದ್ದರು. ನಾವು ಗುಮಾಸ್ತರು ಸಂಜೆ ರೋಲರ್ ಎಳೆದುಕೊಟ್ಟರೆ, ಅವರು ಹೋದ ಮೇಲೆ ಕತ್ತಲಾಗುವವರೆಗೆ ಅರ್ಧ ಗಂಟೆ ಆಡಲು ಬಿಡುತ್ತಿದ್ದರು. ಕೋರ್ಟ್ ಅಂದರೆ ಚಿರೇಕಲ್ಲಿನ ಕೆಂಪು ಮಣ್ಣು. ಗೆರೆಗೆ ಸುಣ್ಣ. ಬಿಳಿ ಪ್ಯಾಂಟ್ ಹಾಕಿದ ದಿನ ಮನೆಯಲ್ಲಿ ಬೈಗುಳ. ಆ ಮಣ್ಣಿನಲ್ಲಿ ಬಾಲು ಒಮ್ಮೆ ಎದೆಗೆ ಬರುತ್ತದೆ, ಒಮ್ಮೆ ಪಾದಕ್ಕೆ. ಮರದ ರಾಕೆಟ್‌ಗೆ ಮಳೆಗಾಲದಲ್ಲಿ ಮರದ ಚೌಕಟ್ಟು ಹಾಕಿ ನಾಲ್ಕು ಮೂಲೆಗೆ ಸ್ಕ್ರೂ ಬಿಗಿಯಬೇಕು, ಇಲ್ಲವಾದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕರುಳಿನ ತಂತಿಗೆ ಬೂಷ್ಟು ಹಿಡಿಯುತ್ತದೆ. ಜೂನ್‌ನಲ್ಲಿ ಅಟ್ಟದ ಮೇಲೆ ಇಟ್ಟ ರಾಕೆಟ್ ದಸರಾಕ್ಕೆ ಕೆಳಗೆ ಇಳಿಯುವುದು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಸಾನಿಯಾ ತಾನು ಕಲಿತ ಕೋರ್ಟ್ ಬಗ್ಗೆ ಹೇಳಿದ್ದನ್ನು ಕೇಳಿದ್ದೇನೆ. ಹೈದರಾಬಾದ್‌ನಲ್ಲಿ ಆಗ ಸರಿಯಾದ ಕೋರ್ಟ್ ಇರಲಿಲ್ಲ, ಸಗಣಿ ಸಾರಿಸಿದ ಕೋರ್ಟಿನಲ್ಲಿ ಆಡಿ ಬೆಳೆದೆ ಅಂತ. ಆರು ವರ್ಷದ ಮಗುವನ್ನು ಕರೆದುಕೊಂಡು ಹೋದಾಗ, ತೀರಾ ಚಿಕ್ಕವಳು ಅಂತ ಕೋಚ್ ಮೊದಲು ಬೇಡ ಅಂದಿದ್ದರಂತೆ. ಒಂದು ತಿಂಗಳಿಗೆ ಅವರೇ ತಂದೆ ತಾಯಿಯನ್ನು ಕರೆಸಿ, ಈ ಮಗುವಿನ ಆಟ ನೋಡಿ ಅಂದರಂತೆ. ಅಲ್ಲಿಂದ ಹೊರಟವಳು ವಿಂಬಲ್ಡನ್ ಹುಲ್ಲಿಗೆ ಹೋದಳು. 2003ರಲ್ಲೇ ಅಲ್ಲಿ ಹುಡುಗಿಯರ ಡಬಲ್ಸ್ ಗೆದ್ದಿದ್ದಳು, ರಷ್ಯಾದ ಅಲಿಸಾ ಕ್ಲೆಬನೋವಾ ಜೊತೆ. 12 ವರ್ಷದ ನಂತರ ದೊಡ್ಡವರ ಡಬಲ್ಸ್.

ತೋಟದ ಸಾಲು, ಶಿರಸಿ

ಸಗಣಿ ಸಾರಿಸಿದ ಕೋರ್ಟಾ? ಇದು ಗೊತ್ತಿರಲಿಲ್ಲ ಹಿರಿಯರೇ. ನಾವು ಅಡಿಕೆ ಒಣಗಿಸಲು ಪ್ರತಿ ವರ್ಷ ಅಂಗಳ ಸಾರಿಸುತ್ತೇವೆ. ಚೆನ್ನಾಗಿ ಒಣಗಿದರೆ ಸಿಮೆಂಟಿನ ಹಾಗೆ ಗಟ್ಟಿ. ಆದರೆ ಚೂರು ಇಬ್ಬನಿ ಬಿದ್ದರೂ ಕಾಲು ಜಾರುತ್ತದೆ. ಅದರ ಮೇಲೆ ಓಡಾಡಿ ಆಡುವುದು ಸುಲಭ ಅಲ್ಲ.

ಹೊನ್ನಾವರ ಅಕ್ಕ

ಓಹೋ, ಭಾವಯ್ಯ ಒಂದು ಹೆಜ್ಜೆ ಹಿಂದೆ ಹೋದರು.

ತೋಟದ ಸಾಲು, ಶಿರಸಿ

ಹೋಗಿಲ್ಲ. ಸಗಣಿಗೆ ಮಾತ್ರ ಮರ್ಯಾದೆ ಕೊಟ್ಟೆ.

ದೇವಬಾಗ ಗಾಳಿ

ಏನೇ ಹೇಳಿ, ಮದುವೆ ವಿಷಯದಲ್ಲಿ ಅವಳು ಮಾಡಿದ್ದು

ನಿರ್ವಾಹಕರು

ಮೇಲಿನ ಪೋಸ್ಟ್‌ನ ಉಳಿದ ಭಾಗ ತೆಗೆದಿದ್ದೇವೆ. ಇಲ್ಲಿ ಆಟದ ಬಗ್ಗೆ ಮಾತ್ರ.

ಚಿರೇಕಲ್ಲು, ಕಾರವಾರ

ಇದೇ ನೋಡಿ. 2005ರಲ್ಲಿ ಸ್ಕರ್ಟ್ ಉದ್ದ. 2008ರಲ್ಲಿ ಧ್ವಜದ ಪಕ್ಕ ಕಾಲು ಚಾಚಿದ್ದಳು ಅಂತ ಒಂದು ಫೋಟೋ ಹಿಡಿದು ದೂರು. 2010ರಲ್ಲಿ ಮದುವೆ. 2014ರಲ್ಲಿ ತೆಲಂಗಾಣದ ರಾಯಭಾರಿ ಮಾಡಿದಾಗ ಪಾಕಿಸ್ತಾನದ ಸೊಸೆ ಅಂತ ರಾಜಕಾರಣಿಯೊಬ್ಬರ ಮಾತು. ಆ ಮಾತಾಡಿದ ವರ್ಷವೇ ಅವಳು ಇಂಚಾನ್ ಏಷ್ಯನ್ ಗೇಮ್ಸ್‌ನಲ್ಲಿ ಸಾಕೇತ್ ಮೈನೇನಿ ಜೊತೆ ಭಾರತಕ್ಕೆ ಚಿನ್ನ ತಂದಳು. ಹುಡುಗರ ಆಟಕ್ಕೆ ಬರೀ ಸ್ಕೋರ್ ಕೇಳುತ್ತೇವೆ, ಹುಡುಗಿಗೆ ಊರಿನ ಪಂಚಾಯ್ತಿ ಎಲ್ಲಾ ಕೇಳುತ್ತೇವೆ.

ತೋಟದ ಸಾಲು, ಶಿರಸಿ

ಇದರಲ್ಲಿ ನನ್ನದು ತಕರಾರಿಲ್ಲ. ಆದರೆ ಒಂದು ಹಳೇ ಬೇಜಾರು ಇದೆ. 2008ರಲ್ಲಿ ಬೆಂಗಳೂರಿನಲ್ಲಿ ಟೂರ್ನಿ ಇತ್ತು. ಟಿಕೆಟ್ ತೆಗೆದುಕೊಂಡು ರಾತ್ರಿ ಬಸ್ಸಿಗೆ ಹೋಗುವ ಏರ್ಪಾಡು ಮಾಡಿದ್ದೆ. ಅವಳು ಆಡುವುದಿಲ್ಲ ಅಂದುಬಿಟ್ಟಳು. ನಮ್ಮ ರಾಜ್ಯಕ್ಕೆ ಬರಲ್ಲ ಅಂದರೆ ಏನರ್ಥ?

ಕಾಳಿ ದಂಡೆ, ಕಾರವಾರ

ಭಾವ! ಇದೇ ಕಾರಣ! ಇಷ್ಟು ವರ್ಷದ ಸಿಟ್ಟನ್ನು ನನ್ನ ಮಗಳ ಊಟದ ಮೇಲೆ ತೀರಿಸಿಕೊಂಡಿರಾ?

ಬ್ಯಾಕ್‌ಹ್ಯಾಂಡ್ ಭಟ್ಟ, ಕುಮಟಾ

ಸಿಕ್ಕಿಬಿದ್ದರು. ಅವಳು ಬರಲಿಲ್ಲ, ನಿಜ. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ಗಲಾಟೆ ಆಗುತ್ತಿದೆ, ಅದಕ್ಕೇ ಆಡುವುದಿಲ್ಲ ಅಂದಿದ್ದಳು. ಈಗಷ್ಟೇ ಚಿರೇಕಲ್ಲು ಅವರು ಹೇಳಿದ ಧ್ವಜದ ದೂರು ಅದೇ ಹೊತ್ತಿನದ್ದು. ಬೆಂಗಳೂರಿನ ಮೇಲೆ ಸಿಟ್ಟಲ್ಲ. ಅಷ್ಟಕ್ಕೂ ನಿಮ್ಮ ಟಿಕೆಟ್ ವ್ಯರ್ಥ ಆಗಲಿಲ್ಲವಲ್ಲ, ಆ ವರ್ಷ ಸೆಮಿಫೈನಲ್‌ನಲ್ಲಿ ಸೆರೆನಾ, ವೀನಸ್ ಅಕ್ಕತಂಗಿಯರೇ ಎದುರುಬದುರು ಆಡಿದ್ದರು.

ತೋಟದ ಸಾಲು, ಶಿರಸಿ

ಹೋಗಲೇ ಇಲ್ಲ. ಟಿಕೆಟ್ ಬೇರೆಯವರಿಗೆ ಕೊಟ್ಟೆ.

ಮಿಡಿ ಉಪ್ಪಿನಕಾಯಿ, ಸಿದ್ದಾಪುರ

ಅಯ್ಯೋ ಪಾಪ. ಹಪ್ಪಳದ ಜೊತೆ ಪಾಯಸವನ್ನೂ ಕೊಡಿ ಇವರಿಗೆ.

ಹೊನ್ನಾವರ ಅಕ್ಕ

ನಾನು ಫಿಸಿಯೋಥೆರಪಿ ಮಾಡುತ್ತೇನೆ. ದಿನಾ ಮಣಿಕಟ್ಟು, ಮೊಣಕಾಲು ನೋಡುವವಳು. ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ಯಾಕೆ ಹೋದಳು ಅಂತ ಯಾರೂ ಇನ್ನೂ ಹೇಳಿಲ್ಲ, ಅದನ್ನು ನಾನು ಹೇಳುತ್ತೇನೆ.

ಅವಳ ಫೋರ್‌ಹ್ಯಾಂಡ್ ನೋಡಿ. ಬೇರೆಯವರು ಭುಜ, ಸೊಂಟ ತಿರುಗಿಸಿ ಹೊಡೆಯುತ್ತಾರೆ. ಇವಳು ಕೊನೆ ಗಳಿಗೆಯಲ್ಲಿ ಮಣಿಕಟ್ಟನ್ನು ಚಾಟಿಯ ಹಾಗೆ ಬೀಸುತ್ತಾಳೆ. ಬಾಲ್ ಯಾವ ಕಡೆ ಹೋಗುತ್ತದೆ ಅಂತ ಎದುರಿನವರಿಗೆ ಗೊತ್ತಾಗುವುದೇ ಇಲ್ಲ. ಅದೇ ಅವಳ ಬಂಡವಾಳ. ಆದರೆ ಎಲ್ಲ ಭಾರವೂ ಆ ಒಂದು ಕೀಲಿನ ಮೇಲೆ. 2008ರಲ್ಲಿ ಅದೇ ಕೈಕೊಟ್ಟಿತು. ಬೀಜಿಂಗ್ ಒಲಿಂಪಿಕ್ಸ್‌ನ ಮೊದಲ ಸಿಂಗಲ್ಸ್ ಪಂದ್ಯವನ್ನೇ ಅರ್ಧಕ್ಕೆ ಬಿಟ್ಟು ಬಂದಳು. ಮಣಿಕಟ್ಟಿಗೆ ಒಂದು, ಮೊಣಕಾಲುಗಳಿಗೆ ಎರಡು, ಒಟ್ಟು ಮೂರು ಆಪರೇಷನ್ ಆಗಿವೆ. ಸಿಂಗಲ್ಸ್‌ನಲ್ಲಿ ಇಡೀ ಅಂಗಳ ಒಬ್ಬರೇ ಓಡಬೇಕು. ದಿನ ಬಿಟ್ಟು ದಿನ ಎರಡು ಗಂಟೆ. 2012ರ ನಂತರ ಅದನ್ನು ನಿಲ್ಲಿಸಿದಳು. ಆಗ ಅವಳಿಗೆ 26.

ನನ್ನ ಬಳಿ ಬರುವವರಲ್ಲಿ ಎರಡು ಥರ. ನೋವಿದ್ದರೂ ಅದೇ ಆಟ ಹಟ ಹಿಡಿದು ಆಡಿ ಕೈ ಪೂರ್ತಿ ಕಳೆದುಕೊಳ್ಳುವವರು, ಅಥವಾ ಪೂರ್ತಿ ಬಿಟ್ಟು ಮನೆ ಸೇರುವವರು. ಈ ದೇಹದಿಂದ ಯಾವ ಆಟ ಆಗುತ್ತದೆ ಅಂತ ಕೂತು ಲೆಕ್ಕ ಹಾಕಿ, ಅದರಲ್ಲೇ ನಂಬರ್ ಒನ್ ಆಗುವವರು ನನಗೆ ಇನ್ನೂ ಸಿಕ್ಕಿಲ್ಲ. 2015ರ ಏಪ್ರಿಲ್‌ನಲ್ಲಿ ಆದಳು. ಒಟ್ಟು 91 ವಾರ ಅಲ್ಲಿದ್ದಳು. ಸಿಂಗಲ್ಸ್ ಆಗದೆ ಡಬಲ್ಸ್‌ಗೆ ಬಂದಳು ಅಂತ ಯಾರಾದರೂ ಹೀಯಾಳಿಸಿದರೆ ನನಗೆ ಸಿಟ್ಟೇ ಬರುತ್ತದೆ.

ಬಂಗಡೆ ಬುಟ್ಟಿ, ಅಂಕೋಲಾ

ಅಕ್ಕ, ನನ್ನ ಬಲಗೈ ಮಣಿಕಟ್ಟೂ ನೋಯುತ್ತದೆ. ಬಲೆ ಎಳೆದು ಎಳೆದು.

ಹೊನ್ನಾವರ ಅಕ್ಕ

ಬನ್ನಿ ಅಣ್ಣ, ನೋಡೋಣ. ಬರುವಾಗ ಬಂಗಡೆ ತಂದರೆ ಫೀಸ್ ಇಲ್ಲ.

ಸಂಜೆ ಶೆಟಲ್, ಯಲ್ಲಾಪುರ

ಈ ಸಲ ಸರಿಯಾಗಿ ನೋಡಿಕೊಂಡು ಬಂದಿದ್ದೇನೆ. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಸಾನಿಯಾ. ಸರಿ ತಾನೇ?

ಗಟ್ ತಂತಿ, ಕಾರವಾರ

ತಪ್ಪು. ಇವಳಿಗಿಂತ ಮೊದಲೇ ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ ಗೆದ್ದಿದ್ದಳು. 1998ರ ಆಸ್ಟ್ರೇಲಿಯನ್ ಓಪನ್. ಈ ಹುಡುಗಿಯನ್ನು ಎಲ್ಲರೂ ಮರೆಯುತ್ತಾರೆ. ಮಗುವಿನ ಭಾಷಣದಲ್ಲಿ ಒಂದು ಸಾಲು ಅವಳಿಗೂ ಇರಲಿ.

ಸಂಜೆ ಶೆಟಲ್, ಯಲ್ಲಾಪುರ

ನಾನು ಇನ್ನು ಓದಿ ಮಾತ್ರ ಹೋಗುತ್ತೇನೆ.

ಬ್ಯಾಕ್‌ಹ್ಯಾಂಡ್ ಭಟ್ಟ, ಕುಮಟಾ

ಇರಿ ಮಾರಾಯ್ರೆ, ಹೋಗಬೇಡಿ. ತಪ್ಪು ಹೇಳುವವರಿದ್ದರೆ ತಾನೇ ನಮಗೆ ತಿದ್ದುವ ಖುಷಿ.

ಇನ್ನೊಂದು ಮಜಾ ಹೇಳುತ್ತೇನೆ. ಹಿಂಗಿಸ್ ಮತ್ತು ಸಾನಿಯಾ ಮೊದಲು ಎದುರಾಳಿಗಳು. 2006ರಲ್ಲಿ ಕೋಲ್ಕತ್ತಾದಲ್ಲಿ ಹಿಂಗಿಸ್ ಇವಳನ್ನು 6-1, 6-0 ಅಂತ ಚಚ್ಚಿ ಹಾಕಿದಳು. ಮುಂದಿನ ವಾರವೇ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮತ್ತೆ ಸಿಕ್ಕಳು. ಆಗ ಗೆದ್ದದ್ದು ಸಾನಿಯಾ. ಒಂಬತ್ತು ವರ್ಷದ ನಂತರ ಇಬ್ಬರೂ ನೆಟ್‌ನ ಒಂದೇ ಕಡೆ ನಿಂತರು. ಬಂದ ಮೊದಲ ಮೂರು ಟೂರ್ನಿಯೂ ಗೆಲುವು. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್. ಆಮೇಲೆ ವಿಂಬಲ್ಡನ್, ಯುಎಸ್ ಓಪನ್, ಡಬ್ಲ್ಯೂಟಿಎ ಫೈನಲ್ಸ್, 2016ರ ಆಸ್ಟ್ರೇಲಿಯನ್ ಓಪನ್. ನಡುವೆ ಸತತ 41 ಪಂದ್ಯ ಸೋಲೇ ಇಲ್ಲ. ಮಾಧ್ಯಮದವರು ಇಬ್ಬರ ಹೆಸರು ಸೇರಿಸಿ ಸ್ಯಾಂಟಿನಾ ಅಂತ ಕರೆದರು.

ಮೆಲ್ಬರ್ನ್ ಫೈನಲ್‌ನಲ್ಲಿ ಸೋತವರು ಯಾರು ಗೊತ್ತಾ? ಹ್ಲವಾಚ್ಕೋವಾ, ಹ್ರಡೆಕ್ಕಾ. 2011ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸಾನಿಯಾಳನ್ನು ಸೋಲಿಸಿದ್ದ ಅದೇ ಜೋಡಿ. ಆಗ ಸಾನಿಯಾಳ ಜೊತೆಗಾತಿ ಯಾರು? ಬೋಟಣ್ಣನ ಮಳೆರಾತ್ರಿಯಲ್ಲಿ ಎದುರಿಗೆ ನಿಂತಿದ್ದ ವೆಸ್ನಿನಾ. ಡಬಲ್ಸ್ ಲೋಕ ಅಂದರೆ ನಮ್ಮ ಘಟ್ಟದ ಮೇಲಿನ ಸಂಬಂಧಗಳ ಹಾಗೆ. ಎಲ್ಲಿ ಹೋದರೂ ಅವರೇ ಭಾವ, ಅವರೇ ಭಾವನ ಷಡ್ಡಕ.

ಚಿರೇಕಲ್ಲು, ಕಾರವಾರ

ಒಲಿಂಪಿಕ್ಸ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಅದೊಂದು ಪದಕ ಇಲ್ಲವಲ್ಲ.

ಬ್ಯಾಕ್‌ಹ್ಯಾಂಡ್ ಭಟ್ಟ, ಕುಮಟಾ

ಇಲ್ಲ. 2016ರಲ್ಲಿ ರಿಯೋದಲ್ಲಿ ರೋಹನ್ ಬೋಪಣ್ಣ ಜೊತೆ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಸೆಮಿಫೈನಲ್‌ನಲ್ಲಿ ವೀನಸ್ ಮತ್ತು ರಾಜೀವ್ ರಾಮ್ ಎದುರು ಮೊದಲ ಸೆಟ್ 6-2 ಗೆದ್ದು ಆಮೇಲೆ ಸೋತರು. ಕಂಚಿನ ಪಂದ್ಯವೂ ಹೋಯಿತು. ನಾಲ್ಕನೇ ಸ್ಥಾನ.

ಅದಕ್ಕಿಂತ ಕಹಿ 2012ರದ್ದು. ಯಾರು ಯಾರ ಜೊತೆ ಆಡಬೇಕು ಅಂತ ಗಂಡಸರ ಜಗಳ. ಲಿಯಾಂಡರ್ ಪೇಸ್ ಜೊತೆ ಆಡಲು ಭೂಪತಿ ಒಲ್ಲೆ, ಬೋಪಣ್ಣ ಒಲ್ಲೆ. ಪೇಸ್‌ಗೆ ಸಮಾಧಾನ ಆಗಲಿ ಅಂತ ಮಿಕ್ಸೆಡ್‌ನಲ್ಲಿ ಸಾನಿಯಾಳನ್ನು ಅವರ ಜೊತೆ ಹಾಕಿದರು. ಒಬ್ಬರನ್ನು ತಣಿಸಲು ನನ್ನನ್ನು ಗಾಳದ ಎರೆಯ ಹಾಗೆ ಬಳಸಿದರು ಅನ್ನುವ ಅರ್ಥದಲ್ಲಿ ಬಹಿರಂಗವಾಗಿ ಹೇಳಿಕೆ ಕೊಟ್ಟಳು. ಹಾಗೆ ಹೇಳಿಯೂ, ಲಂಡನ್‌ಗೆ ಹೋಗಿ ಪೇಸ್ ಜೊತೆಗೇ ಆಡಿದಳು.

ಬಂಗಡೆ ಬುಟ್ಟಿ, ಅಂಕೋಲಾ

ಎರೆ ಮಾತಾಡಿತು ಅನ್ನಿ. ನಮ್ಮ ಕಡೆ ಅದು ಇನ್ನೂ ಆಗಿಲ್ಲ.

ನಾಕನೇ ಮಹಡಿ (ಊರು ಕುಮಟಾ, ಈಗ ಬೆಂಗಳೂರು)

ನನಗೆ 27ನೇ ರ‍್ಯಾಂಕೂ ಬೇಡ, 91 ವಾರವೂ ಬೇಡ. ನನಗೆ ಬೇಕಾದ್ದು 2020ರ ಹೋಬಾರ್ಟ್. 2018ರಲ್ಲಿ ಮಗ ಹುಟ್ಟಿದ. ಎರಡು ವರ್ಷಕ್ಕೂ ಜಾಸ್ತಿ ಆಟದಿಂದ ದೂರ. 89 ಕೆಜಿಯಿಂದ 63ಕ್ಕೆ ಇಳಿದ ಎರಡು ಫೋಟೋವನ್ನು ತಾನೇ ಹಾಕಿದ್ದಳು. ವಾಪಸ್ ಬಂದು ಆಡಿದ ಮೊದಲ ಟೂರ್ನಿಯನ್ನೇ ನಾಡಿಯಾ ಕಿಚೆನೊಕ್ ಜೊತೆ ಗೆದ್ದಳು. ಆಗ ನನ್ನ ಮಗಳಿಗೆ ಏಳು ತಿಂಗಳು. ಆಫೀಸಿಗೆ ವಾಪಸ್ ಹೋಗಬೇಕಾ ಬೇಡವಾ ಅಂತ ಮನೆಯಲ್ಲಿ ದಿನಾ ಸಭೆ ನಡೆಯುತ್ತಿತ್ತು, ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಮಾತಾಡುವ ಸಭೆ. ಆ ಸುದ್ದಿ ಬಂದ ದಿನ ಸಭೆ ಬರ್ಖಾಸ್ತು ಮಾಡಿದೆ. ಅಷ್ಟೇ.

ಹೊನ್ನಾವರ ಅಕ್ಕ

ಇದನ್ನು ಆ ಕೂಸಿನ ಭಾಷಣಕ್ಕೆ ಹಾಕಲು ಆಗುವುದಿಲ್ಲ, ಆದರೆ ಕೂಸಿನ ಅಮ್ಮನಿಗೆ ಓದಿಸಿ.

ಚಿರೇಕಲ್ಲು, ಕಾರವಾರ

ಕೊನೆಯ ಗ್ರ್ಯಾಂಡ್ ಸ್ಲಾಮ್ ಪಂದ್ಯ ನೋಡಿದವರು ಇದ್ದೀರಾ? 2023ರ ಜನವರಿ, ಮೆಲ್ಬರ್ನ್, ಮಿಕ್ಸೆಡ್ ಫೈನಲ್. ಜೊತೆಗೆ ನಮ್ಮ ಕೊಡಗಿನ ಬೋಪಣ್ಣ. ಬ್ರೆಜಿಲ್ ಜೋಡಿಗೆ ಸೋತರು. ಮೈಕ್ ಹಿಡಿದು, 14 ವರ್ಷದವಳಿದ್ದಾಗ ನನ್ನ ಮೊದಲ ಮಿಕ್ಸೆಡ್ ಜೊತೆಗಾರ ಇವರೇ ಅಂತ ಹೇಳುತ್ತಾ ಅತ್ತಳು. ನನಗೂ ಗಂಟಲು ಕಟ್ಟಿತು. ಮುಂದಿನ ತಿಂಗಳು ದುಬೈನಲ್ಲಿ ಮೊದಲ ಸುತ್ತಿಗೇ ಸೋತು ಆಟ ಮುಗಿಸಿದಳು. ಬೋಪಣ್ಣ ಮಾತ್ರ ಮರುವರ್ಷ ಅಲ್ಲೇ ಗಂಡಸರ ಡಬಲ್ಸ್ ಗೆದ್ದು 43ನೇ ವಯಸ್ಸಿಗೆ ನಂಬರ್ ಒನ್ ಆದ.

ಮಿಡಿ ಉಪ್ಪಿನಕಾಯಿ, ಸಿದ್ದಾಪುರ

ಬೋಪಣ್ಣನೂ ಡಬಲ್ಸ್ ಅಲ್ವಾ? ಅವನಿಗೆ ಮಾತ್ರ "ಪಕ್ಕದವರು ಗೆಲ್ಲಿಸಿದರು" ಅಂತ ಯಾರೂ ಹೇಳಿದ್ದು ಕೇಳಿಲ್ಲ. ಶಿರಸಿಯವರು ಏನಂತಾರೆ?

ತೋಟದ ಸಾಲು, ಶಿರಸಿ

ಶಿರಸಿಯವರು ಎರಡು ದಿನ ಯೋಚನೆ ಮಾಡಿದರು.

ಬೋಪಣ್ಣ ಗೆದ್ದ ದಿನ ನಾನೇ ವಾಟ್ಸಾಪ್‌ನಲ್ಲಿ "ಕನ್ನಡಿಗನ ಸಾಧನೆ" ಅಂತ ಎಲ್ಲ ಗುಂಪಿಗೂ ಹಾಕಿದ್ದೆ. ಹುಡುಕಿ ನೋಡಿದೆ, ಇನ್ನೂ ಇದೆ. ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಸಿಂಗಲ್ಸ್ ದೊಡ್ಡದು ಅನ್ನುವುದು ಬಿಡುವುದಿಲ್ಲ. ಇಬ್ಬರಿಗೂ ಒಂದೇ ತಕ್ಕಡಿ ಹಿಡಿಯಲಿಲ್ಲ ಅನ್ನುವುದು ಒಪ್ಪುತ್ತೇನೆ. ಕೂಸಿಗೆ ಫೋನ್ ಮಾಡಿದ್ದೆ. ಎತ್ತಲಿಲ್ಲ.

ಕಾಳಿ ದಂಡೆ, ಕಾರವಾರ (ಆಗಸ್ಟ್ 29, ಸಂಜೆ)

ಭಾಷಣ ಆಯಿತು. ಐದು ನಿಮಿಷ ಅಂದಿದ್ದರು, ಎಂಟು ನಿಮಿಷ ಮಾತಾಡಿದಳಂತೆ, ಗಂಟೆ ಹೊಡೆದು ಇಳಿಸಿದರಂತೆ. ನಾನು ಕಷ್ಟಪಟ್ಟು ಬರೆದುಕೊಟ್ಟ 43, 41, 91 ಯಾವುದನ್ನೂ ಹೇಳಲಿಲ್ಲ. ಸಗಣಿ ಕೋರ್ಟ್, ಬೇಡ ಅಂದ ಕೋಚ್, ನಿರುಪಮಾ, ಮತ್ತೆ ಅಂಕೋಲಾದ ಒಬ್ಬ ಮಾಮ ಕತ್ತಲಲ್ಲಿ ಚಪ್ಪಾಳೆ ಹೊಡೆದ ಕತೆ. ಮಕ್ಕಳೆಲ್ಲ ನಕ್ಕರಂತೆ. ಬಹುಮಾನ ಪಿ.ಟಿ. ಉಷಾ ಬಗ್ಗೆ ಮಾತಾಡಿದ ಹುಡುಗಿಗೆ.

ತೋಟದ ಸಾಲು, ಶಿರಸಿ

ನಾನು ಏನೂ ಹೇಳುವುದಿಲ್ಲ.

ಬಂಗಡೆ ಬುಟ್ಟಿ, ಅಂಕೋಲಾ

ನನ್ನ ಕತೆ ಶಾಲೆಯಲ್ಲಾ? ತಮ್ಮನಿಗೆ ಈಗಲೇ ತೋರಿಸುತ್ತೇನೆ. ಇನ್ನಾದರೂ ನಂಬಲಿ.

ಕಾಳಿ ದಂಡೆ, ಕಾರವಾರ

ಭಾವ, ಚೌತಿಗೆ ನಾವು ಅಲ್ಲಿಗೆ ಬರುತ್ತಿದ್ದೇವೆ. ಕೂಸು ಇನ್ನೂ ಮುನಿಸಿಕೊಂಡಿದೆ, ಆದರೆ ರಾಕೆಟ್ ಎರಡು ಚೀಲಕ್ಕೆ ಹಾಕಿದ್ದಾಳೆ. ನಿಮ್ಮ ಅಂಗಳ ಒಣಗಿದೆಯಾ ಅಂತ ಕೇಳುತ್ತಿದ್ದಾಳೆ.

ತೋಟದ ಸಾಲು, ಶಿರಸಿ

ಅಂಗಳ ಪೂರ್ತಿ ಪಾಚಿ. ಜಗಲಿಯ ಮೇಲೆ ಆಡೋಣ ಅನ್ನಿ. ಹೆಂಚಿಗೆ ತಾಗಿದರೆ ಮಾತ್ರ ಔಟ್.